ಅಪ್‌ಡೇಟ್: ಮಿಷನ್ ಶಾಲೆಯ ಬೇಸರದ ದಿನಗಳ ಬಗ್ಗೆ ಕೇಳಿದ್ದೆ

ಮಂಗಳೂರಿನ ಮಿಷನ್ ಶಾಲೆಯಲ್ಲಿ ಪಾಠ ಹೇಳುವ ನನಗೆ ದಿನಗಳು ಬರಡಾಗಿ ತೋರುತ್ತಿವೆ ಎಂದು ಮೂರು ವಾರಗಳ ಹಿಂದೆ ಇಲ್ಲಿ ಬರೆದು, ನಿಮ್ಮ ಸಲಹೆ ಕೇಳಿದ್ದೆ. ನಸುಕಿನಲ್ಲೆದ್ದು ಕೃತಜ್ಞತೆಯ ಪಟ್ಟಿ ಬರೆಯುವ ಸಲಹೆ ಒಗ್ಗಲಿಲ್ಲ. ನಾಲ್ಕನೇ ದಿನಕ್ಕೆ ಅದೂ ಹೋಂವರ್ಕ್ ಆಯಿತು. ಫಲಿಸಿದ್ದು, ಊಟದ ಬಿಡುವಿನಲ್ಲಿ ಸ್ಟಾಫ್ ರೂಮ್ ಬಿಟ್ಟು ಮಕ್ಕಳ ನಡುವೆ ಕುಳಿತುಕೊಳ್ಳಿ ಎಂದವರ ಮಾತು. ಮೊದಲ ದಿನವೇ ಎರಡನೇ ತರಗತಿಯ ಹುಡುಗಿಯೊಬ್ಬಳು ತನ್ನ ಡಬ್ಬಿಯ ನೀರುದೋಸೆಯನ್ನು ಹರಿದು, ದೊಡ್ಡ ತುಂಡನ್ನೇ ನನ್ನ ಕಡೆಗೆ ಚಾಚಿ, 'ಟೀಚರ್, ಪ್ರಾರ್ಥನೆ ಬೇಗ ಮುಗಿಸಿ, ಹಸಿವು' ಎಂದಳು. ಅಷ್ಟು ಚಿಕ್ಕ ಪ್ರಾರ್ಥನೆಯನ್ನು ನಾನೆಂದೂ ಮಾಡಿರಲಿಲ್ಲ. ಅಚ್ಚರಿಯೆಂದರೆ, ಮಳೆಗೆ ಜಾರಿಬಿದ್ದ ಹೆಂಚೊಂದರ ಮೇಲಿದ್ದ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ) ಮುದ್ರೆಯನ್ನೂ 1865 ಎಂಬ ಇಸವಿಯನ್ನೂ ಮಕ್ಕಳೇ ಕೂಡಿಸಿ ಓದಿದರು. ಆ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ವರ್ಷವದು. ಅಂದಿನ ಗಣಿತದ ಪಾಠ ಆ ಕಾರ್ಖಾನೆ ತೆರೆದು ಎಷ್ಟು ವರ್ಷವಾಯಿತೆಂಬ ಲೆಕ್ಕದಲ್ಲೇ ಕಳೆಯಿತು.