ಕರ್ಣ–ದುರ್ಯೋಧನರ ಸ್ನೇಹ: ಅಭಿಮಾನಿಗಳು ಎಲ್ಲಿ ಎಡವುತ್ತಾರೆ?

ಡೊಂಬಿವಲಿ ಓದುಗ

ಎಲ್ಲರಿಗೂ ನಮಸ್ಕಾರ. ಮಾಟುಂಗದಲ್ಲಿ ನಮ್ಮ ಓದುಬಳಗದ ವತಿಯಿಂದ ‘ಕರ್ಣಭೇದನ’ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಹಾಡು ಮಾತುಗಳಲ್ಲೇ ನಡೆಯುವ ಯಕ್ಷಗಾನ) ಇಟ್ಟುಕೊಂಡಿದ್ದೇವೆ. ಯುದ್ಧಕ್ಕೆ ಮುಂಚೆ ಕೃಷ್ಣ ಕರ್ಣನಿಗೆ ನೀನು ಕುಂತಿಯ ಮಗ ಎಂದು ಹೇಳಿ, ದುರ್ಯೋಧನನಿಂದ ಅವನನ್ನು ಒಡೆಯಲು ನೋಡುವ ಪ್ರಸಂಗ ಅದು. ಒಂದೂವರೆ ಗಂಟೆ ಪ್ರಸಂಗ, ಆಮೇಲೆ ಅರ್ಧ ಗಂಟೆ ಚರ್ಚೆ. ಬರುವವರಲ್ಲಿ ಹೆಚ್ಚಿನವರು ಮುಂಬಯಿಯಲ್ಲೇ ಹುಟ್ಟಿ ಬೆಳೆದ ಹುಡುಗ ಹುಡುಗಿಯರು. ಕರ್ಣ ಅವರಿಗೆ ಪರಿಚಯವಾದದ್ದು ಮರಾಠಿ ಕಾದಂಬರಿ ‘ಮೃತ್ಯುಂಜಯ’ದಿಂದ, ಇಲ್ಲವೇ ಟೀವಿ ಧಾರಾವಾಹಿಯಿಂದ. ಅವರಲ್ಲಿ ಎರಡು ಪಕ್ಷ. ಕರ್ಣ ಅಪ್ಪಟ ಚಿನ್ನ, ಕೆಟ್ಟದ್ದನ್ನೆಲ್ಲ ದುರ್ಯೋಧನ ಮಾಡಿಸಿದ ಎನ್ನುವವರು ಒಂದು ಕಡೆ. ಅದು ಸ್ನೇಹವೇ ಅಲ್ಲ, ದುರ್ಯೋಧನ ಅವನನ್ನು ಬಳಸಿಕೊಂಡ ಅಷ್ಟೇ ಎನ್ನುವವರು ಇನ್ನೊಂದು ಕಡೆ. ಎರಡೂ ಸರಿ ಕಾಣುವುದಿಲ್ಲ. ಯಾವ ಭಾಗಗಳನ್ನು ಅವರ ಮುಂದಿಟ್ಟರೆ ಮಾತು ಬೆಳೆದೀತು? ತಿಳಿದವರು ದಯವಿಟ್ಟು ಹೇಳಿ.

ಎರಂಡವಣೆ, ಪುಣೆ

ಮೊದಲು ಪಠ್ಯ ಯಾವುದು ಅಂತ ಗೊತ್ತುಮಾಡಿಕೊಳ್ಳಿ. ಜಗಳದ ಅರ್ಧ ಪಾಲು ಅಲ್ಲೇ ಕರಗುತ್ತದೆ. ಒಬ್ಬ ಪಂಪನ ಕರ್ಣನ ಬಗ್ಗೆ ಮಾತಾಡುತ್ತಾನೆ, ಇನ್ನೊಬ್ಬ ವ್ಯಾಸರ ಕರ್ಣನ ಬಗ್ಗೆ, ಮೂರನೆಯವನು ಧಾರಾವಾಹಿಯ ಕರ್ಣನ ಬಗ್ಗೆ, ಮೂವರೂ ಒಬ್ಬನೇ ಅಂದುಕೊಂಡು. ‘ಮೃತ್ಯುಂಜಯ’ ಬಂದದ್ದು 1967ರಲ್ಲಿ. ಅದರಲ್ಲಿ ಪಾತ್ರಗಳೇ ತಮ್ಮ ಬಾಯಲ್ಲಿ ಕಥೆ ಹೇಳುತ್ತವೆ. ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವವನ ಮೇಲೆ ಓದುಗನಿಗೆ ಮಮತೆ ಬರುವುದು ಸಹಜ. ಅದು ಕಾದಂಬರಿಯ ಬಲ. ಮೂಲಕ್ಕೆ ಅದನ್ನೇ ಸಾಕ್ಷಿಯಾಗಿ ತರಬಾರದು, ಅಷ್ಟೆ.

ವ್ಯಾಸಭಾರತಕ್ಕೆ ನಮ್ಮೂರಿನ ಭಂಡಾರಕರ್ ಸಂಸ್ಥೆ ಹಲವು ಹಸ್ತಪ್ರತಿಗಳನ್ನು ಹೋಲಿಸಿ ಸಿದ್ಧಪಡಿಸಿದ ಪರಿಷ್ಕೃತ ಆವೃತ್ತಿ ಹಿಡಿಯಿರಿ. 1919ರಲ್ಲಿ ಶುರುವಾದ ಆ ಕೆಲಸ 1966ಕ್ಕೆ ಮುಗಿಯಿತು. ಕೆಳಗಿನ ಅಧ್ಯಾಯ ಸಂಖ್ಯೆಗಳೆಲ್ಲ ಅದರವು. ಬೇರೆ ಪಾಠಗಳಲ್ಲಿ ಹಿಂದುಮುಂದಾಗುತ್ತವೆ, ಹಾಗಾಗಿ ಪ್ರತಿ ಹಂಚುವಾಗ ಆವೃತ್ತಿಯ ಹೆಸರನ್ನೂ ಬರೆಯಿರಿ.

“ಸ್ವಯಂವರದಲ್ಲಿ ದ್ರೌಪದಿ ಸೂತಪುತ್ರ ಅಂತ ಹೀಯಾಳಿಸಿದಳು, ಅದಕ್ಕೇ ಜೂಜಿನ ಸಭೆಯಲ್ಲಿ ಕರ್ಣ ಸೇಡು ತೀರಿಸಿಕೊಂಡ” ಎಂಬ ವಾದ ಖಂಡಿತ ಬರುತ್ತದೆ. ‘ಸೂತನನ್ನು ವರಿಸುವುದಿಲ್ಲ’ ಎನ್ನುವ ಆ ಮಾತು ಪರಿಷ್ಕೃತ ಪಾಠದ ಒಳಗಿಲ್ಲ, ಅಡಿಟಿಪ್ಪಣಿಯ ಪಾಠಾಂತರಗಳಲ್ಲಿದೆ. ಸಭಾಪರ್ವ 61ರಲ್ಲಿ ಕರ್ಣ ಆಡಿದ ಮಾತು ಮಾತ್ರ ಗಟ್ಟಿಯಾಗಿ ಪಾಠದಲ್ಲೇ ಇದೆ. ದ್ರೌಪದಿಯ ಪರ ನಿಂತ ವಿಕರ್ಣನನ್ನು ಗದರಿಸುತ್ತಾನೆ, ಅವಳನ್ನು ‘ಬಂಧಕಿ’ (ಸೂಳೆ) ಅನ್ನುತ್ತಾನೆ, ಪಾಂಡವರ ಮತ್ತು ದ್ರೌಪದಿಯ ವಸ್ತ್ರಗಳನ್ನು ತೆಗೆ ಎಂದು ದುಶ್ಶಾಸನನಿಗೆ ಹೇಳುತ್ತಾನೆ. ಅದನ್ನು ಬಾಯಿಬಿಟ್ಟು ಹೇಳಿದವನು ಕರ್ಣ. ದುರ್ಯೋಧನನ ತಮ್ಮನೇ ಬೇಡ ಎನ್ನುತ್ತಿದ್ದಾಗ ಗೆಳೆಯ ಹೇಳಿದ ಮಾತು ಇದು. “ದುರ್ಯೋಧನ ಮಾಡಿಸಿದ” ಎನ್ನುವವರಿಗೆ ಈ ಅಧ್ಯಾಯವನ್ನು ಪೂರ್ತಿ ಓದಿಸಿ.

ಅದಾದ ಮೇಲೆ ಉದ್ಯೋಗಪರ್ವ 139. ಪಾಂಡವರ ಬಗ್ಗೆ ಅಂದು ಕಟುವಾಗಿ ಮಾತಾಡಿದ್ದು ದುರ್ಯೋಧನನ ಪ್ರೀತಿಗಾಗಿ, ಅದಕ್ಕೀಗ ಬೇಯುತ್ತಿದ್ದೇನೆ ಎಂದು ಕರ್ಣನೇ ಕೃಷ್ಣನ ಮುಂದೆ ಹೇಳುತ್ತಾನೆ. ಅಭಿಮಾನಿಗಳು ಇದನ್ನು ಕ್ಷಮಾಪತ್ರದ ಹಾಗೆ ಹಿಡಿದುಕೊಳ್ಳುತ್ತಾರೆ. ನನಗೆ ಇದು ಅವನ ಮೇಲಿನ ಅತಿ ದೊಡ್ಡ ಆರೋಪದ ಹಾಗೆ ಕಾಣುತ್ತದೆ. ಗೆಳೆಯನ ಮುಖ ಅರಳಲಿ ಅಂತ ಒಬ್ಬ ಹೆಂಗಸನ್ನು ತುಂಬಿದ ಸಭೆಯಲ್ಲಿ ಹಾಗೆ ಮಾಡಿದೆ ಎಂದು ಒಪ್ಪಿಕೊಂಡ ಹಾಗಾಯಿತಲ್ಲ.

ಇನ್ನೊಂದನ್ನು ಬಹಳ ಮಂದಿ ಗಮನಿಸುವುದಿಲ್ಲ. ಕರ್ಣನಿಗೆ ದುರ್ಯೋಧನನ ಎದುರು ‘ಇಲ್ಲ’ ಎನ್ನಲು ಬರುತ್ತಿತ್ತು. ಆದಿಪರ್ವ 194ರಲ್ಲಿ, ಪಾಂಡವರನ್ನು ಒಡೆಯಲು ದುರ್ಯೋಧನ ಹೂಡಿದ ಕುತಂತ್ರಗಳನ್ನೆಲ್ಲ ಕೇಳಿ, ನಿನ್ನ ಯೋಚನೆ ಸರಿಯಿಲ್ಲ ಎಂದು ನೇರವಾಗಿ ಶುರುಮಾಡುತ್ತಾನೆ. ಒಳಸಂಚು ಬೇಡ, ಎದುರುಬದುರು ಯುದ್ಧ ಮಾಡೋಣ ಅನ್ನುತ್ತಾನೆ. ಯುದ್ಧತಂತ್ರದಲ್ಲಿ ತಿದ್ದುವ ನಾಲಗೆ ಅನ್ಯಾಯದ ಹೊತ್ತಿಗೆ ಯಾಕೆ ತಿರುಗಲಿಲ್ಲ? ಚರ್ಚೆಗೆ ಇದೊಂದು ಪ್ರಶ್ನೆ ಸಾಕು.

ಠಾಣೆ ಅರ್ಥಧಾರಿ

ಮೇಲಿನವರು ಪುಸ್ತಕದ ಮಾತು ಹೇಳಿದರು, ನಾನು ಕೂಟದ ಮಾತು ಹೇಳುತ್ತೇನೆ. ‘ಕರ್ಣಭೇದನ’ ಕೆಡುವುದು ಒಂದೇ ಕಡೆ. ಕರ್ಣನ ಅರ್ಥಧಾರಿ (ಪಾತ್ರದ ಮಾತು ಆಡುವವನು) ಜನ್ಮರಹಸ್ಯ ಕೇಳಿದ ಕೂಡಲೇ ಕಣ್ಣೀರಿಗೆ ಇಳಿದು ಇಪ್ಪತ್ತು ನಿಮಿಷ ತಾಯಿಯ ಮೇಲೆ ಮಾತು ಬೆಳೆಸುತ್ತಾನೆ. ಸಭೆ ಕರಗುತ್ತದೆ, ಚಪ್ಪಾಳೆ ಬೀಳುತ್ತದೆ, ಸ್ನೇಹದ ವಿಷಯ ಮೂಲೆಗೆ ಹೋಗುತ್ತದೆ. ಕುಮಾರವ್ಯಾಸನಲ್ಲಿ ಏನಿದೆ ನೋಡಿ. ಗುಟ್ಟು ಕೇಳಿ ಕರ್ಣನ ಕೊರಳ ಸೆರೆ ಉಬ್ಬುತ್ತದೆ, ಕಣ್ಣೀರು ನುಗ್ಗುತ್ತದೆ. ಆಗ ಮನಸ್ಸಿನೊಳಗೆ ಬರುವ ಮಾತು ‘ಅಕಟಾ, ಕುರುಪತಿಗೆ ಕೇಡಾದುದು’. ನನ್ನ ತಾಯಿ, ನನ್ನ ಕುಲ, ನನಗೆ ತಪ್ಪಿದ ಸಿಂಹಾಸನ ಯಾವುದೂ ಅಲ್ಲ, ಗೆಳೆಯನಿಗೆ ಕೇಡಾಯಿತು ಅಂತ. ಇನ್ನು ಈ ಕೈಯಿಂದ ಪಾಂಡವರ ಮೇಲೆ ಮೊದಲಿನ ಹಾಗೆ ಬಾಣ ಹೋಗದು ಎಂಬುದು ಅವನಿಗೆ ಆ ಕ್ಷಣವೇ ಹೊಳೆದಿದೆ. ಹಾಡುವ ಭಾಗವತರು ಪದ ಮುಗಿಸಿದ ಮೇಲೆ ಅರ್ಥ ಇಲ್ಲಿಂದಲೇ ಏಳಬೇಕು.

ಹೊತ್ತಿನ ಲೆಕ್ಕ: ತೊಂಬತ್ತು ನಿಮಿಷದಲ್ಲಿ ಪೀಠಿಕೆಗೆ ಹತ್ತು, ಕೃಷ್ಣ ರಥಕ್ಕೆ ಹತ್ತಿಸಿಕೊಂಡು ಗುಟ್ಟು ಹೇಳುವುದಕ್ಕೆ ಇಪ್ಪತ್ತು, ಕರ್ಣನ ಮೊದಲ ಉತ್ತರಕ್ಕೆ ಹದಿನೈದು, ಸಂವಾದಕ್ಕೆ ಮೂವತ್ತು. ಉಳಿದ ಹದಿನೈದು ಪದಗಳಿಗೆ. ಸಂವಾದದಲ್ಲಿ ಕೃಷ್ಣನ ಅರ್ಥಧಾರಿ ಸಭೆಯಲ್ಲಿ ದ್ರೌಪದಿಗಾದ ಅವಮಾನದ ವಿಷಯ ಎತ್ತಲೇಬೇಕು. ಎತ್ತದಿದ್ದರೆ ಕರ್ಣ ಕುಳಿತಲ್ಲೇ ಗೆದ್ದುಬಿಡುತ್ತಾನೆ. ಕರ್ಣನ ಅರ್ಥ ಹೇಳುವವರಿಗೂ ಮೊದಲೇ ತಿಳಿಸಿ: ತಪ್ಪನ್ನು ಅಲ್ಲಗಳೆಯುವುದಕ್ಕಿಂತ ಒಪ್ಪಿಕೊಂಡ ಮೇಲೂ ಗೆಳೆಯನನ್ನು ಯಾಕೆ ಬಿಡುವುದಿಲ್ಲ ಎಂದು ಹೇಳುವುದು ಕಷ್ಟ, ಪಾತ್ರದ ತೂಕ ಇರುವುದು ಅಲ್ಲಿ.

ಚರ್ಚೆಗೆ ನಿಷ್ಠೆಯ ಲೆಕ್ಕವನ್ನೂ ಇಡಿ. ಭೀಷ್ಮ ‘ಅರ್ಧರಥ’ (ಅರೆ ಯೋಧ) ಎಂದದ್ದಕ್ಕೆ ಸಿಟ್ಟಾಗಿ, ಹದಿನೆಂಟು ದಿನದ ಯುದ್ಧದಲ್ಲಿ ಮೊದಲ ಹತ್ತು ದಿನ ಕರ್ಣ ಕಣಕ್ಕೆ ಇಳಿಯಲಿಲ್ಲ. ಗೆಳೆಯನ ಗೆಲುವಿಗಿಂತ ತನ್ನ ಮಾನ ಮುಂದಾಯಿತು. ಆಮೇಲೆ ಅರ್ಜುನನೊಬ್ಬನನ್ನು ಬಿಟ್ಟು ಉಳಿದ ನಾಲ್ವರನ್ನು ಕೊಲ್ಲುವುದಿಲ್ಲ ಎಂದು ಕುಂತಿಗೆ ಕೊಟ್ಟ ಮಾತು. ಯುಧಿಷ್ಠಿರ ಕೈಗೆ ಸಿಕ್ಕರೂ ಬಿಟ್ಟ. ಅವನನ್ನು ಸೆರೆಹಿಡಿದು ಕೊಡಿ ಎಂದು ದುರ್ಯೋಧನ ದ್ರೋಣನಲ್ಲಿ ವರ ಕೇಳಿದ್ದನ್ನು ನೆನೆಯಿರಿ. ಯಾವ ತಲೆಯ ಮೇಲೆ ಇಡೀ ಯುದ್ಧ ನಿಂತಿತ್ತೋ ಅದನ್ನೇ ಬಿಟ್ಟುಕೊಟ್ಟ. ‘ಕುರುಡು ನಿಷ್ಠೆ’ ಎನ್ನುವವರು ಇದಕ್ಕೇನನ್ನುತ್ತಾರೆ?

ವಾಸ್ಕೊ

ಎಲ್ಲರೂ ಕರ್ಣನ ಕಡೆಯಿಂದಲೇ ಅಳೆಯುತ್ತಿದ್ದೀರಿ. ಸ್ನೇಹಕ್ಕೆ ಇಬ್ಬರು ಬೇಕಲ್ಲವೇ? ‘ಬಳಸಿಕೊಂಡ’ ಎನ್ನುವ ಪಕ್ಷಕ್ಕೆ ಆಧಾರವೇ ಇಲ್ಲ ಅಂತಲ್ಲ. ಅಂಗರಾಜ್ಯ ಕೊಟ್ಟ ದಿನ ಕರ್ಣನನ್ನು ಪಡೆದ ದುರ್ಯೋಧನನಿಗೆ ಅರ್ಜುನನ ಭಯ ಹೋಯಿತು ಎಂದು ವ್ಯಾಸರೇ ಹೇಳುತ್ತಾರೆ. ಆದರೆ ಅದೇ ಪ್ರಸಂಗದಲ್ಲಿ, ರಾಜ್ಯಕ್ಕೆ ಬದಲಾಗಿ ಏನು ಕೊಡಲಿ ಎಂದು ಕರ್ಣ ಕೇಳಿದಾಗ ಸ್ನೇಹ ಸಾಕು ಎಂದವನೂ ಅವನೇ. ಬೆವರು ಸುರಿಸುತ್ತಾ ಬಂದ ಸಾಕುತಂದೆ, ಸಾರಥಿ ಅಧಿರಥನಿಗೆ ಕರ್ಣ ಅಭಿಷೇಕದ ನೀರಿನಲ್ಲಿ ನೆನೆದ ತಲೆ ಬಾಗಿಸುತ್ತಾನೆ, ಭೀಮ ನಗುತ್ತಾನೆ. ಆಗ ಶೂರರ ಮೂಲವನ್ನೂ ನದಿಗಳ ಮೂಲವನ್ನೂ ತಿಳಿಯುವುದು ಕಷ್ಟ ಎಂದು ಗೆಳೆಯನ ಪರ ನಿಂತವನು ದುರ್ಯೋಧನ. ಲಾಭ, ಪ್ರೀತಿ ಎರಡೂ ಒಂದೇ ದಿನ ಹುಟ್ಟಿವೆ. ಅವನ್ನು ಬಿಡಿಸುವ ಗೋಜಿಗೆ ಹೋಗಬೇಡಿ.

ಕನ್ನಡದಲ್ಲಿ ಈ ಎಳೆ ಇನ್ನೂ ಬಿಗಿಯಾಗಿದೆ. 941ರ ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ, ಕರ್ಣನ ಹುಟ್ಟು ದುರ್ಯೋಧನನಿಗೆ ಮೊದಲೇ ತಿಳಿದಿತ್ತು, ಮುಳ್ಳಿನಿಂದ ಮುಳ್ಳು ತೆಗೆಯುವ ಹಾಗೆ ನಿನ್ನನ್ನು ಇಟ್ಟುಕೊಂಡಿದ್ದಾನೆ ಎಂಬ ಮಾತು ಬರುತ್ತದೆ. ಅದನ್ನು ಹೇಳುವವನು ಕೃಷ್ಣ, ಇಬ್ಬರನ್ನೂ ಒಡೆಯಲೆಂದೇ ಬಂದವನು. ಹಾಗಾಗಿ ಆ ಮಾತನ್ನು ಹಾಗೆಯೇ ನಂಬಬೇಡಿ. ರನ್ನನ ಗದಾಯುದ್ಧದಲ್ಲಿ ಮಾತ್ರ ದುರ್ಯೋಧನನೇ ಕರ್ಣನ ಹೆಣದ ಮುಂದೆ, ನೀನು ಯಾರೆಂದು ನಾನು ಬಲ್ಲೆ, ಪೃಥೆ (ಕುಂತಿ) ಬಲ್ಲಳು, ಕೃಷ್ಣ ಬಲ್ಲ, ಸೂರ್ಯ ಬಲ್ಲ, ಸಹದೇವ ಬಲ್ಲ ಎನ್ನುತ್ತಾನೆ. ಗೊತ್ತಿದ್ದೂ ಬಾಯಿ ಬಿಡದೆ ಇದ್ದ ಗೆಳೆಯ! ಸ್ವಾರ್ಥವೇ, ಕಳೆದುಕೊಳ್ಳುವ ಹೆದರಿಕೆಯೇ? ರನ್ನ ಉತ್ತರ ಕೊಡುವುದಿಲ್ಲ, ಅಳಿಸುತ್ತಾನೆ.

ಡೊಂಬಿವಲಿ ಓದುಗ

ಮೂವರಿಗೂ ಮನಸಾರೆ ಧನ್ಯವಾದ. ಆದಿಪರ್ವ 194 ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಒಂದೇ ಸಂದೇಹ ಉಳಿಯಿತು. ದುರ್ಯೋಧನನ ಹೆಂಡತಿ ಭಾನುಮತಿಯ ಮುತ್ತಿನ ಹಾರದ ಕಥೆ, ಅಂದರೆ ಪಗಡೆಯಾಟದ ಎಳೆದಾಟದಲ್ಲಿ ಹಾರ ಹರಿದರೂ ದುರ್ಯೋಧನ ಕರ್ಣನ ಮೇಲೆ ಸಂಶಯಪಡಲಿಲ್ಲ ಎಂಬ ಕಥೆ, ಹೇಳದೆ ನಮ್ಮವರು ಬಿಡುವುದಿಲ್ಲ. ಅದನ್ನು ಇಟ್ಟುಕೊಳ್ಳಬಹುದೇ?

ಎರಂಡವಣೆ, ಪುಣೆ

ಇಟ್ಟುಕೊಳ್ಳಿ, ಪಂಪನದು ಅಂತ ಹೇಳಿ. ವ್ಯಾಸರಲ್ಲಿ ಹಾರವೂ ಇಲ್ಲ, ಭಾನುಮತಿ ಎಂಬ ಹೆಸರೂ ಇಲ್ಲ. ಶಾಂತಿಪರ್ವದಲ್ಲಿ ಕಳಿಂಗರಾಜನ ಮಗಳನ್ನು ದುರ್ಯೋಧನ ಎತ್ತಿಕೊಂಡು ಬರುವಾಗ ಕರ್ಣ ಬೆಂಗಾವಲಾದ ಕಥೆ ಇದೆ. ‘ನೆತ್ತಮನಾಡಿ ಭಾನುಮತಿ ಸೋಲ್ತೊಡೆ’ ಎನ್ನುವ ಪದ್ಯ ಪಂಪನ ಕಾವ್ಯದ ಒಂಬತ್ತನೆಯ ಆಶ್ವಾಸದಲ್ಲಿ (ಅಧ್ಯಾಯದಲ್ಲಿ), ಕೃಷ್ಣನಿಗೆ ಕರ್ಣ ಕೊಡುವ ಉತ್ತರದಲ್ಲಿ ಬರುತ್ತದೆ. ಎದುರಾಳಿ ಯಾರೆಂದು ಪದ್ಯ ಹೆಸರಿಸುವುದಿಲ್ಲ. ಕರ್ಣನೇ ಆಡುತ್ತಿದ್ದ ಎಂದು ಕೆಲವರು, ದುರ್ಯೋಧನ ಆಡುತ್ತಿದ್ದ ಎಂದು ಕೆಲವರು, ವಿದ್ವಾಂಸರಲ್ಲೇ ಹಳೆಯ ವಾಗ್ವಾದ ಅದು. ನೀವು ‘ಏವಮಿಲ್ಲದೆ’ ಎಂಬ ಪದದ ಮೇಲೆ ನಿಲ್ಲಿ. ಚೆಲ್ಲಿದ ಮುತ್ತುಗಳನ್ನು ಆರಿಸಲೇ ಎಂದು ಮನಸ್ಸಿನಲ್ಲಿ ಕಹಿಯಿಲ್ಲದೆ ಕೇಳುವ ದೊರೆ ಅಲ್ಲಿದ್ದಾನೆ. ಪದ್ಯದ ಪ್ರತಿ ಹಂಚುವಾಗ ಹಳಗನ್ನಡದ ಕೆಳಗೆ ಎರಡೂ ಅರ್ಥಗಳನ್ನು ಹೊಸಗನ್ನಡದಲ್ಲಿ ಬರೆದಿಡಿ. ಒಂದನ್ನೇ ಬರೆದರೆ ಅರ್ಧ ಗಂಟೆಯೂ ಅದಕ್ಕೇ ಹೋಗುತ್ತದೆ.