ರೆಟಿನಾಯ್ಡ್‌ಗೆ ‘ಅಕ್ಷಿಪಟಲಾಭ’ ಸಲ್ಲುವುದೇ? ಅದು ‘ವೈರಾಣುನಾಶಕ’ವೇ?

ಮಾನ್ಯರೇ,

ಆರೋಗ್ಯ ಕೈಪಿಡಿಯೊಂದರ ಅನುವಾದವನ್ನು ನಾಳೆ ಸಂಜೆಯೊಳಗೆ ಒಪ್ಪಿಸಬೇಕಾಗಿದೆ. ‘ಎ’ ಜೀವಸತ್ವದ ಸಂಯುಕ್ತಗಳು ವೈರಾಣು ಸೋಂಕಿನಲ್ಲಿ ಹೇಗೆ ನೆರವಾಗುತ್ತವೆ ಎಂಬ ಅಧ್ಯಾಯದಲ್ಲಿ, ಆ ಸಂಯುಕ್ತಗಳ ಹೆಸರಾದ ರೆಟಿನಾಯ್ಡ್‌ಗೆ ‘ಅಕ್ಷಿಪಟಲಾಭ’ (ಅಕ್ಷಿಪಟಲವನ್ನು, ಅಂದರೆ ಕಣ್ಣಿನ ರೆಟಿನಾವನ್ನು, ಹೋಲುವುದು) ಎಂದೂ ಅದರ ಗುಣಕ್ಕೆ ‘ವೈರಾಣುನಾಶಕ’ ಎಂದೂ ಬರೆದಿದ್ದೇನೆ. ಇವು ನಿಲ್ಲುತ್ತವೆಯೇ?

ಉತ್ತರ:
ಎರಡೂ ನಿಲ್ಲುವುದಿಲ್ಲ. ಮೊದಲನೆಯದರ ಬದಲು ‘ರೆಟಿನಾಯ್ಡ್’ ಎಂದೇ ಬರೆಯಿರಿ. ಎರಡನೆಯದು ಅರ್ಥವನ್ನೇ ಕೆಡಿಸುವುದರಿಂದ ಅದನ್ನು ಮೊದಲು ತೆಗೆಯಿರಿ. ‘ನಾಶಕ’ ಎಂದೊಡನೆ ಆ ವಸ್ತುವೇ ಕರ್ತೃವಾಗಿ, ಜೀವಸತ್ವವೇ ವೈರಾಣುವನ್ನು ಕೊಲ್ಲುತ್ತದೆ ಎಂದು ಓದುಗರು ತಿಳಿಯುತ್ತಾರೆ. ನಡೆಯುವುದು ಬೇರೆ: ‘ಎ’ ಜೀವಸತ್ವದ ಒಂದು ರೂಪವಾದ ರೆಟಿನಾಲ್‌ನಿಂದ ಜೀವಕೋಶದೊಳಗೆ ಉಂಟಾಗುವ ರೆಟಿನಾಯಿಕ್ ಆಮ್ಲವು ಕೋಶಕೇಂದ್ರದ ಗ್ರಾಹಕಗಳನ್ನು ಸೇರಿ ಅನೇಕ ಜೀನ್‌ಗಳನ್ನು ಚುರುಕುಗೊಳಿಸುತ್ತದೆ, ಅವುಗಳಲ್ಲಿ ಒಂದಾದ ರಿಗ್-ಐ ಜೀನಿನ ಪ್ರೋಟೀನು, ಕೋಶಕ್ಕೆ ನುಗ್ಗಿದ ವೈರಾಣುವಿನ ಆರ್‌ಎನ್‌ಎಯನ್ನು ಗುರುತಿಸಿ, ವೈರಾಣುವನ್ನು ತಡೆಯುವ ಪ್ರೋಟೀನಾದ ಇಂಟರ್‌ಫೆರಾನ್ ತಯಾರಿಕೆಗೆ ಚಾಲನೆ ಕೊಡುತ್ತದೆ. ಆ ಜೀನಿನ ಪೂರ್ಣ ಹೆಸರಿಗೇ ‘ರೆಟಿನಾಯಿಕ್ ಆಮ್ಲದಿಂದ ಪ್ರೇರಿತವಾಗುವುದು’ ಎಂಬ ಅರ್ಥವಿದೆ. ನಿಮಗೆ ಬೇಕಾದ ಕ್ರಿಯಾಧಾತು ಅಲ್ಲಿಯೇ ಇದೆ: ‘ಪ್ರೇರಿಸು’. ಹೋರಾಡುವುದು ದೇಹ.

ಇದು ಬರಿಯ ಪದದ ಹಟವಲ್ಲ. ‘ಎ’ ಜೀವಸತ್ವವು ಯಕೃತ್ತಿನಲ್ಲಿ ಶೇಖರವಾಗುವಂಥದ್ದು, ಅತಿಯಾದರೆ ವಿಷವಾಗುವಂಥದ್ದು. ಗರ್ಭಿಣಿಯರಲ್ಲಿ ಅದರ ಅತಿಸೇವನೆ ಶಿಶುವಿಗೆ ಹಾನಿ ತರಬಹುದು. ‘ನಾಶಕ’ ಎಂದು ಓದಿದವರು ಇನ್ನಷ್ಟು ನುಂಗಿದರೆ ಆ ಹೊಣೆ ಅನುವಾದಕರದು.

ಇನ್ನೊಂದು ಉತ್ತರ:
‘ನಾಶಕ’ದ ಬಗ್ಗೆ ಒಪ್ಪುತ್ತೇನೆ. ಆದರೆ ‘ರೆಟಿನಾಯ್ಡ್’ ಎಂದು ಹಾಗೆಯೇ ಬರೆಯುವುದು ಆಲಸ್ಯ. ‘ಆಭ’ ಪ್ರತ್ಯಯ ನಮ್ಮಲ್ಲಿರುವಾಗ ಎರವಲೇಕೆ?

ಮೊದಲು ಉತ್ತರಿಸಿದವರು:
ಅಕ್ಷಿಪಟಲವನ್ನು ಹೋಲುವ ಯಾವ ಗುಣವೂ ಆ ಸಂಯುಕ್ತಗಳಿಗಿಲ್ಲ. ಮೂಲದ ವ್ಯುತ್ಪತ್ತಿಯನ್ನು ಅಕ್ಷರಶಃ ತಿರುಗಿಸಿದರೆ ಓದುಗರ ಗಮನ ಕಣ್ಣಿನಲ್ಲಿಯೇ ಉಳಿಯುತ್ತದೆ, ಪ್ರತಿರಕ್ಷಣೆಯತ್ತ ಬರುವುದಿಲ್ಲ. 1912ರಲ್ಲಿ ಜೀವರಸಾಯನಜ್ಞ ಕಾಸಿಮಿರ್ ಫುಂಕ್ ‘ವೈಟಮೈನ್’ ಎಂದು ಹೆಸರಿಟ್ಟದ್ದು ಈ ಜೀವಸತ್ವಗಳೆಲ್ಲ ಅಮೈನುಗಳು, ಅಂದರೆ ಸಾರಜನಕವಿರುವ ಸಂಯುಕ್ತಗಳು, ಎಂಬ ಊಹೆಯಿಂದ. ರೆಟಿನಾಲ್‌ನಲ್ಲಾದರೋ ಸಾರಜನಕವೇ ಇಲ್ಲ. ಆ ವ್ಯುತ್ಪತ್ತಿಗೆ ಕಟ್ಟುಬೀಳದೆ ‘ಜೀವಸತ್ವ’ ಎಂದು ಕಟ್ಟಿದವರ ವಿವೇಕವೇ ನನಗೆ ಮಾದರಿ. ಅಂಥ ಪದ ಹೊಳೆಯುವವರೆಗೆ ಎರವಲೇ ಲೇಸು.

ಪ್ರಶ್ನೆ ಕೇಳಿದವರು:
ವಾಕ್ಯವನ್ನು ಹೀಗೆ ತಿದ್ದಿದ್ದೇನೆ: “‘ಎ’ ಜೀವಸತ್ವದಿಂದ ಉಂಟಾಗುವ ರೆಟಿನಾಯಿಕ್ ಆಮ್ಲವು, ವೈರಾಣುವನ್ನು ಗುರುತಿಸಿ ಎದುರಿಸುವಂತೆ ದೇಹದ ಪ್ರತಿರಕ್ಷಣಾ ವ್ಯವಸ್ಥೆಯನ್ನು ಪ್ರೇರಿಸುತ್ತದೆ.” ದಡಾರವಾದ ಮಕ್ಕಳಿಗೆ ಈ ಜೀವಸತ್ವವನ್ನು ಕೊಡಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಇದರ ಮುಂದೆಯೇ ಬರುತ್ತದೆ, ಅಲ್ಲಿಯೂ ‘ನಾಶಕ’ವನ್ನು ಹೊಡೆದುಹಾಕಿದ್ದೇನೆ.