ಅಡ್ಡಮಳೆ ಬಂದ ಸಂಜೆಯೇ ಉಸಿರು ಕಟ್ಟಿದ್ದೇಕೆ?

ಗದಗಿನವಳು, ಕೋಥರೂಡ್ (ಪುಣೆ)

ಮದುವೆಯಾಗಿ ಪುಣೆಗೆ ಬಂದು ಏಳು ವರ್ಷವಾಯಿತು. ಗದಗಿನಲ್ಲಿದ್ದಾಗ ನೆಗಡಿ ಎಂದರೆ ಮಳೆಗಾಲದ ಮಾತು. ಇಲ್ಲಿ ಶಿವರಾತ್ರಿ ಕಳೆದರೆ ಸಾಕು, ಎದ್ದೊಡನೆ ಹತ್ತು ಹನ್ನೆರಡು ಸೀನು, ಕಣ್ಣಿನ ಮೂಲೆಯಲ್ಲಿ ತುರಿಕೆ, ಅಂಗುಳಿನಲ್ಲಿ ಕಡಿತ.

ನಮ್ಮ ಮನೆ ವೇತಾಳ ಟೇಕಡಿಯ ಬುಡದಲ್ಲಿದೆ. ಫೆಬ್ರವರಿಯಲ್ಲಿ ಗುಡ್ಡದ ಮೇಲೆ ಗೊಬ್ಬರದ ಗಿಡ ತಿಳಿಗುಲಾಬಿ ಬಣ್ಣದ ಹೂ ಬಿಡುತ್ತದೆ. ಎಲ್ಲವೂ ಅದರದೇ ಕೆಲಸವೆಂದು ನಂಬಿ ಆ ಕಡೆಯ ಕಿಟಕಿ ತೆರೆಯುವುದನ್ನೇ ಬಿಟ್ಟಿದ್ದೇನೆ. ಏಪ್ರಿಲ್‌ನಲ್ಲಿ ಬಿಸಿಲು ಏರಿದಾಗ ನನಗೆ ಒಂದೇ ಆಸೆ: ಒಂದು ಅಡ್ಡಮಳೆ ಬರಲಿ, ಧೂಳು, ಪರಾಗ ಎಲ್ಲ ನೆಲ ಹಿಡಿಯಲಿ.

ಕಳೆದ ವಾರ ಬಂತು. ಸಂಜೆ ಐದಕ್ಕೆ ಗಾಳಿ ಎದ್ದಿತು, ಗುಡುಗಿತು, ಮಣ್ಣಿನ ವಾಸನೆಗೆ ಊರು ನೆನಪಾಗಿ ಬಾಲ್ಕನಿಯಲ್ಲಿ ನಿಂತೆ. ಅರ್ಧ ಗಂಟೆಯೊಳಗೆ ಎದೆಯಲ್ಲಿ ಸುಂಯ್ ಎನ್ನುವ ಸದ್ದು. ಮಲಗಿದರೆ ಉಸಿರು ಸಾಲದು. ರಾತ್ರಿಯೆಲ್ಲ ಗೋಡೆಗೆ ಒರಗಿ ಕುಳಿತೆ. ಅತ್ತೆಯವರು ಶುಂಠಿ ಕಷಾಯ ಕೊಟ್ಟು ಬೆನ್ನು ನೀವಿದರು. ಸೀನಿಗೆ ನಾನು ಹೊಂದಿಕೊಂಡಿದ್ದೇನೆ, ಆದರೆ ಇದಕ್ಕೆ ಹೆದರಿದ್ದೇನೆ. ಮಳೆ ಪರಾಗವನ್ನು ತೊಳೆಯಬೇಕಲ್ಲವೇ?

ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕ, ಔಂಧ್

ತಂಗಿ, ಮೊದಲು ಆ ಗೊಬ್ಬರದ ಗಿಡದ ಮೇಲಿನ ಆರೋಪ ಕೈಬಿಡಿ. ಬಣ್ಣ ತೋರಿಸಿ ಜೇನನ್ನು ಕರೆಯುವ ಹೂವಿನ ಪರಾಗ ಅಂಟಂಟು, ಭಾರ. ಗಾಳಿಯಲ್ಲಿ ದೂರ ಹೋಗುವುದಿಲ್ಲ. ಗುಲ್‌ಮೊಹರಿಗೂ ಇದೇ ಮಾತು. ಏಪ್ರಿಲ್‌ನಲ್ಲಿ ತೇಲಿ ಬರುವ ಬೂರುಗದ ಅರಳೆಯನ್ನೂ ಜನ ಪರಾಗವೆಂದೇ ತಿಳಿಯುತ್ತಾರೆ. ಅದು ಬೀಜದ ಜೊತೆ ಹಾರುವ ನಾರು.

ಕಾಡುವುದು ಕಣ್ಣಿಗೆ ಬೀಳದ ಹೂಗಳು. ಮರಾಠಿಯವರು ವಾವಳ ಎನ್ನುವ ನಮ್ಮ ತಪಸಿ ಮರ, ಎಲೆ ಉದುರಿಸಿ ಬರಿದಾಗಿ ನಿಂತಾಗ ಸಣ್ಣ ಹೂ ಬಿಟ್ಟು ಪರಾಗವನ್ನು ಗಾಳಿಗೇ ಒಪ್ಪಿಸುತ್ತದೆ. ಔಡಲವೂ ಹಾಗೆಯೇ. ಇನ್ನು ಕಾಂಗ್ರೆಸ್ ಕಸ, ಇಲ್ಲಿಯವರ ಗಾಜರ್ ಗವತ್: 1950ರ ದಶಕದಲ್ಲಿ ಈ ಪುಣೆಯಲ್ಲೇ ಅದು ಗಮನಕ್ಕೆ ಬಂದದ್ದು. ಚರಂಡಿಯ ಪಸೆ ಇದ್ದರೆ ಬೇಸಿಗೆಯಲ್ಲೂ ಹೂ ಬಿಡುತ್ತದೆ. ಒಣ ಬಿಸಿಲಿಗೆ ಪರಾಗಕೋಶ ಒಣಗಿ ಬಿರಿಯುತ್ತದೆ, ಮಧ್ಯಾಹ್ನದ ಕಾದ ಗಾಳಿ ಪರಾಗವನ್ನು ಮೇಲಕ್ಕೆ ಒಯ್ಯುತ್ತದೆ, ಸಂಜೆ ತಂಪಾದಾಗ ಅದು ಮತ್ತೆ ಇಳಿಯುತ್ತದೆ.

ಗುಡುಗಿನ ಮೋಡದಿಂದ ಇಳಿಯುವ ತಣ್ಣನೆಯ ಗಾಳಿ ಮಳೆಗಿಂತ ಮೊದಲು ಬಂದು ಇದನ್ನೆಲ್ಲ ಒಟ್ಟುಗೂಡಿಸಿ ನಮ್ಮ ಮುಖಕ್ಕೆ ತಳ್ಳುತ್ತದೆ. ಹುಲ್ಲಿನ ಪರಾಗದ ಕಣ ಸುಮಾರು 30–40 ಮೈಕ್ರಾನ್; ಇಡಿಯಾಗಿದ್ದರೆ ಮೂಗಿನಲ್ಲೇ ಸಿಕ್ಕಿಕೊಳ್ಳುತ್ತದೆ. ತೇವ ತಾಗಿದರೆ ನೀರು ಕುಡಿದು ಉಬ್ಬಿ ಒಡೆಯುತ್ತದೆ. ಒಳಗಿನ ಪಿಷ್ಟದ ಕಣಗಳು ಎಷ್ಟು ಸಣ್ಣವೆಂದರೆ ನೇರ ಶ್ವಾಸಕೋಶಕ್ಕೆ ಇಳಿಯುತ್ತವೆ. 2016ರ ನವೆಂಬರ್ 21ರಂದು ಮೆಲ್ಬರ್ನ್ ನಗರದಲ್ಲಿ ಇಂಥದೇ ಗುಡುಗುಮಳೆಯ ನಂತರ ಸಾವಿರಾರು ಜನ ಆಸ್ಪತ್ರೆಗೆ ಓಡಿದರು, ಹತ್ತು ಜನ ತೀರಿಕೊಂಡರು. ಬಂದವರಲ್ಲಿ ಎಷ್ಟೋ ಮಂದಿಗೆ ಅಲ್ಲಿಯವರೆಗೆ ಇದ್ದದ್ದು ಬರೀ ಸೀನು.

ಆದ್ದರಿಂದ ಗಾಳಿ ಏಳುತ್ತಲೇ ಒಳಗೆ ಬನ್ನಿ. ಚೆನ್ನಾಗಿ ಸುರಿದು ನಿಂತ ಮೇಲೆ ಗಾಳಿ ತಿಳಿಯಾಗುತ್ತದೆ, ಆಗ ಕಿಟಕಿ ತೆರೆಯಿರಿ. ಎದೆಯಲ್ಲಿ ಸದ್ದು ಕೇಳಿದ ಮೇಲೆ ಕಷಾಯವನ್ನೇ ನಂಬಿ ಕೂರಬೇಡಿ, ತಂಗಿ. ಈ ವಾರವೇ ಶ್ವಾಸಕೋಶದ ವೈದ್ಯರಿಗೆ ತೋರಿಸಿ.

ಮಾಟುಂಗಾ ನಿವಾಸಿ, ಮುಂಬೈ

ನಾನೂ ಹತ್ತು ವರ್ಷ ಮರಗಳನ್ನೇ ದೂರಿದೆ. ಅಲರ್ಜಿಗೆ ಚರ್ಮದ ಪರೀಕ್ಷೆ ಮಾಡಿಸಿದಾಗ ಉಬ್ಬಿದ್ದು ಪರಾಗ ಹಾಕಿದ ಜಾಗವಲ್ಲ, ಹಾಸಿಗೆಯ ಧೂಳಿನ ನುಸಿಯದು. ನಮ್ಮ ಕಡಲ ತೇವದಲ್ಲಿ ಅದು ಚೆನ್ನಾಗಿ ಬೆಳೆಯುತ್ತದೆ. ಪರೀಕ್ಷೆಗೆ ಎಷ್ಟು ದಿನ ಮೊದಲು ಸೀನಿನ ಮಾತ್ರೆ ಸೆಟಿರಿಜಿನ್ ನಿಲ್ಲಿಸಬೇಕೆಂದು ವೈದ್ಯರನ್ನು ಕೇಳಿಕೊಳ್ಳಿ. ನಾನು ಹಿಂದಿನ ರಾತ್ರಿ ನುಂಗಿ ಹೋಗಿದ್ದೆ, ವಾಪಸ್ ಕಳುಹಿಸಿದರು.

ಪಿಂಪ್ರಿಯಿಂದ

ಅಕ್ಕಾ, ನಿಮ್ಮ ಮನೆಯಲ್ಲಿ ಕೂಲರ್ ಇದೆಯೇ?

ಗದಗಿನವಳು

ಇದೆ. ನಿಮ್ಮ ಪ್ರಶ್ನೆ ಓದಿ ಎದ್ದು ಹೋಗಿ ನೋಡಿದೆ. ಮುಚ್ಚಿದ್ದೇನೆ ಎಂದುಕೊಂಡಿದ್ದ ಆ ಟೇಕಡಿ ಕಡೆಯ ಕಿಟಕಿಯಲ್ಲೇ ಕೂಲರ್ ಕುಳಿತಿದೆ. ರಾತ್ರಿಯೆಲ್ಲ ಹೊರಗಿನ ಗಾಳಿಯನ್ನು ಎಳೆದು ನನ್ನ ತಲೆದಿಂಬಿನ ಮೇಲೆ ಬಿಡುತ್ತಿದೆ. ಅದರೊಳಗಿನ ಒದ್ದೆ ಹುಲ್ಲಿಗೆ ಕಪ್ಪು ಬೂಷ್ಟು ಬೇರೆ. ಇವತ್ತೇ ತೆಗೆಸಿದೆ.

ಸರ್, ವೈದ್ಯರ ಬಳಿ ಹೋಗಿ ಬಂದೆ. ಊದಿಸಿ ನೋಡಿ ಇನ್‌ಹೇಲರ್ ಬರೆದುಕೊಟ್ಟರು, ಚರ್ಮದ ಪರೀಕ್ಷೆ ಮುಂದಿನ ತಿಂಗಳು. ನಿನ್ನೆ ಮತ್ತೆ ಮೋಡ ಕಟ್ಟಿತು. ಬಾಗಿಲು ಹಾಕಿ ಒಳಗೆ ಕುಳಿತೆ. ಮಣ್ಣಿನ ವಾಸನೆ ತಪ್ಪಿಹೋಯಿತೆಂದು ಬಹಳ ಬೇಸರವಾಯಿತು. ಎಂಟೂವರೆಗೆ ಮಳೆ ನಿಂತ ಮೇಲೆ ಬಾಲ್ಕನಿಗೆ ಹೋದೆ, ಸ್ವಲ್ಪ ಉಳಿದಿತ್ತು.